ಶುಗರ್ ಇದೆ, ಮಗು ಬೇಕು: ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು?

ಪ್ರಶ್ನೆ: ನಂಗೆ 29 ವರ್ಷ, ಕುಮಟಾ ಹತ್ರ ಊರು. ಎರಡು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೋತೀನಿ, ಬಿಪಿಗೂ ಒಂದು ಮಾತ್ರೆ ಇದೆ. ಶುಗರ್ ಸರಾಸರಿ ತೋರ್ಸೋ ಎಚ್‌ಬಿಎ1ಸಿ ರಕ್ತದ ಟೆಸ್ಟಲ್ಲಿ 8.4 ಬಂದಿದೆ. ಅತ್ತೆ "ಮೊದ್ಲು ಬಸಿರು ನಿಲ್ಲಲಿ, ಆಮೇಲೆ ಡಾಕ್ಟರ್ ನೋಡಿದ್ರಾಯ್ತು" ಅಂತಾರೆ. ಕುಚಲಕ್ಕಿ ಗಂಜಿ ಉಂಡ್ರೆ ಶುಗರ್ ಏರಲ್ಲ ಅಂತಾರೆ, ಹೌದಾ?

ಉತ್ತರ: ಬೇರೆ ಎಲ್ಲದಕ್ಕೂ ಅತ್ತೆ ಮಾತು ಕೇಳಿ, ಇದೊಂದಕ್ಕೆ ಬೇಡ. ಮುಟ್ಟು ತಪ್ಪಿ, ಇನ್ನೊಂದ್ ವಾರ ನೋಡೋಣ ಅಂತ ಕಾದು, ಕಿಟ್ ತಂದು, ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗೋಷ್ಟರಲ್ಲಿ ಆರೇಳು ವಾರ ಆಗಿಬಿಡತ್ತೆ, ಮಗುವಿನ ಹೃದಯ, ಬೆನ್ನುಹುರಿ, ಮೆದುಳು ರೂಪ ತಗೊಳ್ಳೋದು ಅದೇ ಮೊದಲ ಎಂಟು ವಾರದಲ್ಲಿ, ಆಗ ಶುಗರ್ ಜಾಸ್ತಿ ಇದ್ರೆ ಗರ್ಭಪಾತ, ಹುಟ್ಟು ದೋಷ ಎರಡರ ರಿಸ್ಕೂ ಏರತ್ತೆ. ಹಂಗಾಗಿ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬರೋವರೆಗೆ ಗರ್ಭನಿರೋಧಕ ಬಿಡ್ಬೇಡಿ. ಅದು ಎರಡ್ಮೂರು ತಿಂಗಳ ಸರಾಸರಿ, ಹದಿನೈದು ದಿನದ ಪಥ್ಯಕ್ಕೆಲ್ಲ ಬಗ್ಗಲ್ಲ.

ಬಿಪಿ ಮಾತ್ರೆ ಹೆಸರು ನೀವು ಬರ್ದಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ್ದಾದ್ರೆ ಬಸಿರಲ್ಲಿ ಆಗಲ್ಲ, ಆದ್ರೆ ನೀವೇ ನಿಲ್ಸೋದಲ್ಲ, ಡಾಕ್ಟರ್ ಹತ್ರ ಬದಲಾಯಿಸ್ಕೊಳ್ಳಿ. ಫೋಲಿಕ್ ಆಸಿಡ್ ಈಗ್ಲೇ ಶುರು ಮಾಡ್ಬೇಕು, ಶುಗರ್ ಇರೋರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ ಬರ್ಕೊಡ್ತಾರೆ. ಕಣ್ಣಿನ ರೆಟಿನಾ ಮತ್ತೆ ಕಿಡ್ನಿ ಟೆಸ್ಟ್ ಮಾಡಿಸಿ, ಬಸಿರಲ್ಲಿ ಕಣ್ಣಿನ ತೊಂದ್ರೆ ಜೋರಾಗೋದುಂಟು.

ಗಂಜಿ? ಕುಚಲಕ್ಕಿ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಸ್ವಲ್ಪ ನಿಧಾನಕ್ಕೆ ಏರಿಸ್ಬಹುದು ಅಷ್ಟೇ, ಅಕ್ಕಿ ಅಕ್ಕೀನೇ. ಎರಡು ಬಟ್ಟಲು ಗಂಜಿ, ನಂಜ್ಕೊಳ್ಳೋಕೆ ಮಿಡಿ ಉಪ್ಪಿನಕಾಯಿ, ಇದು ಊಟ ಅಲ್ಲ. ಒಂದೇ ಬಟ್ಟಲು ಮಾಡಿ, ಜೊತೆಗೆ ಬಂಗಡೆ ಸಾರು, ಹರಿವೆ ಪಲ್ಯ, ಮೀನು ತಿನ್ನದೋರಾದ್ರೆ ಹೆಸರುಕಾಳು ಉಸಳಿ.

ಪ್ರಶ್ನೆ: ಶಿರಸಿಯಿಂದ. ಈಗ 26 ವಾರ, ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದ್ರೆ 158. ಮೊದ್ಲು ಶುಗರ್ ಇರ್ಲಿಲ್ಲ. ಇನ್ಸುಲಿನ್ ಚುಚ್ಚಿದ್ರೆ ಮಗುಗೆ ತೊಂದ್ರೆನಾ, ಕೊನೇವರೆಗೂ ಬಿಡೋಕಾಗಲ್ವಾ? ಜೋನಿ ಬೆಲ್ಲ ತಿನ್ಬಹುದಲ್ಲ?

ಉತ್ತರ: ಆ ಟೆಸ್ಟಲ್ಲಿ 140 ದಾಟಿದ್ರೆ ಬಸಿರಿನ ಶುಗರ್ ಅಂತ ಲೆಕ್ಕ. ಮಾಸಿನಿಂದ (ಪ್ಲಾಸೆಂಟಾ) ಬರೋ ಹಾರ್ಮೋನು ನಿಮ್ಮ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರತ್ತೆ, ನೀವೇನೋ ತಪ್ಪು ತಿಂದಿದ್ದಕ್ಕೆ ಬಂದಿದ್ದಲ್ಲ. ಸಾಮಾನ್ಯವಾಗಿ ಎರಡು ವಾರ ಪಥ್ಯ, ವಾಕಿಂಗ್ ಮಾಡಿ ನೋಡ್ತಾರೆ. ಖಾಲಿ ಹೊಟ್ಟೇಲಿ 95, ಊಟ ಆಗಿ ಎರಡು ಗಂಟೆಗೆ 120, ಇದರೊಳಗೆ ಬರ್ಲಿಲ್ಲ ಅಂದ್ರೆ ಔಷಧಿ. ಇನ್ಸುಲಿನ್ ಮಾಸು ದಾಟಿ ಮಗುಗೆ ಹೋಗಲ್ಲ, ದಾಟೋದು ನಿಮ್ಮ ರಕ್ತದ ಸಕ್ಕರೆ, ಮಗು ವಿಪರೀತ ದಪ್ಪ ಆಗೋದು ಅದರಿಂದ. ಹೆಚ್ಚಿನವರಿಗೆ ಹೆರಿಗೆ ಆದ್ಮೇಲೆ ಇನ್ಸುಲಿನ್ ನಿಲ್ಲಿಸ್ತಾರೆ. ಜೋನಿ ಬೆಲ್ಲನೂ ಸಕ್ಕರೆನೇ ಮಾರಾಯ್ತಿ, ತೊಡದೇವೂ ಈಗ ಬೇಡ.

ಹೆರಿಗೆ ಆಗಿ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸಿನ ಟೆಸ್ಟ್ ಮತ್ತೆ ಮಾಡಿಸ್ಬೇಕು, ಬಾಣಂತನದ ಗಡಿಬಿಡೀಲಿ ಎಲ್ಲರೂ ಮರೆಯೋದು ಇದನ್ನೇ. ಅಮ್ಮ ಬೆಲ್ಲ ಹಾಕಿ ಬಾಣಂತಿ ಲೇಹ್ಯ ಕಾಸೋ ಮೊದ್ಲೇ ಅವರಿಗೂ ಈ ರಿಪೋರ್ಟ್ ತೋರ್ಸಿ ಇಡಿ.