ಪರೀಕ್ಷೆಗಷ್ಟೇ ಎಳೆಯುವ ಸ್ಕ್ರೀನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನರ್ಸಿಂಗ್ ಕಾಲೇಜಿನ ಬೋಧಕರು ಸಲಹೆ ಕೇಳಿಕೊಂಡು ನನ್ನ ಬಳಿ ಬಂದಾಗ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ: ಈಗಿನ ಮಕ್ಕಳಿಗೆ ಭಯಭಕ್ತಿ ಇಲ್ಲ. ಮೂವತ್ತು ದಾಟಿದ ಈ ಬೋಧಕಿಯೂ ಅದನ್ನೇ ಹೇಳುತ್ತ ಬಂದರು. ಎರಡನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ವಾರ್ಡಿನಲ್ಲಿ ಎದುರು ಮಾತಾಡಿದ್ದಳು. ಪ್ರಾಂಶುಪಾಲರಿಗೆ ದೂರು ಬರೆಯಲು ಹೊರಟವರಿಗೆ ಯಾಕೋ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅವಳು ಆಡಿದ ಮಾತೇನು ಎಂದು ಕೇಳಿದೆ. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಮೈ ಒರೆಸುವಾಗ ಹುಡುಗಿ ಹಾಸಿಗೆಗೆ ಮರೆ ಮಾಡುವ, ಚಕ್ರವಿರುವ ಸ್ಕ್ರೀನ್ ಎಳೆದಿರಲಿಲ್ಲ. ರೋಗಿಗಳನ್ನು ನೋಡಲು ಬಂದವರು ಓಡಾಡುತ್ತಲೇ ಇದ್ದರು. ಬೋಧಕಿ ಎಲ್ಲರೆದುರು ಗದರಿದಾಗ, "ಮೇಡಂ, ಸ್ಕ್ರೀನ್ ಎಳೆಯೋದು ಪ್ರಾಕ್ಟಿಕಲ್ ಪರೀಕ್ಷೆಗೆ ಅಲ್ವಾ?" ಅಂದಳಂತೆ.

"ಮೊಂಡುತನಕ್ಕೆ ಕೇಳಿದಳೋ, ಗೊತ್ತಿಲ್ಲದೆ ಕೇಳಿದಳೋ?"

ಬಹಳ ಹೊತ್ತು ಸುಮ್ಮನಿದ್ದರು. "ಗೊತ್ತಿಲ್ಲದೆ" ಎಂದರು. ಆಮೇಲೆ ಮಾತು ಒಂದೇ ಸಮನೆ ಬಂತು. "ರೋಗಿಗೆ ತಿಳಿಸಿ, ಮರೆ ಮಾಡಿ ಅಂತ ಪ್ರೊಸೀಜರ್‌ನಲ್ಲಿ ಮೊದಲೇ ಬರೆಸಿದೀನಿ. ಎಕ್ಸಾಮಿನರ್ ಎದುರಿಗೆ ಎಲ್ಲರೂ ಎಳೀತಾರೆ. ವಾರ್ಡಲ್ಲಿ ನಾನೇ ಎಳೆಯಲ್ಲ. ಇರೋದೊಂದು ಸ್ಕ್ರೀನು, ಅದರ ಚಕ್ರನೂ ತಿರುಗಲ್ಲ. ಅವಳು ನನ್ನನ್ನ ನೋಡಿಯೇ ಕಲಿತಿದ್ದು."

ದೂರು ಬರೆಯಬೇಡಿ ಎಂದೆ. ಅದೇ ಬ್ಯಾಚಿನ ಮುಂದೆ ಒಬ್ಬ ರೋಗಿಗೆ ನೀವೇ ಸ್ಪಂಜ್ ಬಾತ್ ಕೊಡಿ. ಸ್ಕ್ರೀನನ್ನು ನೀವೇ ತಳ್ಳಿಕೊಂಡು ಬನ್ನಿ. ಮುಟ್ಟುವ ಮೊದಲು ಅವರಿಗೆ ಹೇಳಿ. ಒರೆಸುವಷ್ಟು ಭಾಗ ತೆರೆದು ಮಿಕ್ಕಿದ್ದನ್ನು ಹೊದಿಸಿಡಿ. ಉಪದೇಶ ಬೇಡ. ಮುಗಿದ ಮೇಲೆ ಆ ಹುಡುಗಿಗೆ ಎಲ್ಲರೆದುರೇ, "ಇಷ್ಟು ದಿನ ನಾನು ಎಳೆಯದೆ ಇದ್ದದ್ದು ತಪ್ಪು" ಎನ್ನಿ.

ಹೀಗೆ ತಪ್ಪೊಪ್ಪಿಕೊಂಡರೆ ಬೋಧಕಿಯ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಆಕ್ಷೇಪಿಸಿದರು. ನನಗೆ ಹಾಗನ್ನಿಸುವುದಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಬಡಿಯುವುದನ್ನು ಕಂಡ ಪುಟ್ಟ ಮಕ್ಕಳಲ್ಲಿ ಹಲವರು ಯಾರೂ ಹೇಳಿಕೊಡದಿದ್ದರೂ ತಾವೂ ಹಾಗೇ ಬಡಿದರು, ಅದೇ ಒರಟು ಮಾತು ಆಡಿದರು. ಹತ್ತೊಂಬತ್ತರ ಹುಡುಗಿ ವಾರ್ಡಿಗೆ ಕಾಲಿಟ್ಟಾಗ ಅವಳ ಕಣ್ಣು ಮೇಡಂ ಕೈ ಮೇಲಿರುತ್ತದೆ. ದೀಪ ಹಿಡಿಸಿ ನರ್ಸ್‌ಗಳ ಸೇವಾ ಪ್ರತಿಜ್ಞೆಯಾದ ನೈಟಿಂಗೇಲ್ ಪ್ರತಿಜ್ಞೆ ಹೇಳಿಸುವುದು ಒಂದು ದಿನದ ಮಾತು; ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವಾಗ ಮೇಡಂ ಕೈ ತೊಳೆದರೇ, ಅಜ್ಜಿಯನ್ನು ಹೆಸರು ಹಿಡಿದು ಮಾತಾಡಿಸಿದರೇ ಅಥವಾ ಬೆಡ್ ನಂಬರ್ ಕೂಗಿದರೇ ಎಂಬುದನ್ನು ಅವಳು ನಾಲ್ಕು ವರ್ಷ ನೋಡುತ್ತಾಳೆ. ತಪ್ಪನ್ನು ತಿದ್ದಿಕೊಳ್ಳುವುದನ್ನೂ ಅವಳು ನೋಡಿಯೇ ಕಲಿಯಬೇಕು. ಮುಂದೆ ಔಷಧದ ಡೋಸ್ ತಪ್ಪಿದಾಗ ಮುಚ್ಚಿಡದೆ ಹೇಳುವ ಧೈರ್ಯ ಬರುವುದು ಅಲ್ಲಿಂದಲೇ.

ಬೋಧಕರ ಹೊರೆ ನನಗೆ ತಿಳಿಯದ್ದಲ್ಲ. ರೆಕಾರ್ಡ್ ತಿದ್ದಬೇಕು, ಹಾಜರಾತಿ ನೋಡಬೇಕು, ಇನ್‌ಸ್ಪೆಕ್ಷನ್‌ಗೆ ತಯಾರಾಗಬೇಕು. ಅದಕ್ಕೇ ದಿನಕ್ಕೆ ಒಬ್ಬ ರೋಗಿಗಾದರೂ ಒಂದು ಹೆಜ್ಜೆಯನ್ನೂ ಬಿಡದೆ ಮಾಡಿ ತೋರಿಸಿ ಎಂದಷ್ಟೇ ಕೇಳಿದೆ.

ಮುಂದಿನ ಭೇಟಿಯ ಹೊತ್ತಿಗೆ ಅವರು ಬರೆದಿದ್ದದ್ದು ಬೇರೆಯೇ ಅರ್ಜಿ. ವಾರ್ಡಿಗೆ ಇನ್ನೆರಡು ಸ್ಕ್ರೀನ್ ಬೇಕೆಂದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಟ್ಟಿದ್ದರು. ಅವು ಬರುವ ತನಕ ಇಬ್ಬರು ವಿದ್ಯಾರ್ಥಿಗಳು ಬೆಡ್‌ಶೀಟ್ ಹಿಡಿದು ಮರೆ ಮಾಡುತ್ತಾರೆ, ಮೂರನೆಯವರು ಮೈ ಒರೆಸುತ್ತಾರೆ.