ರಿಪೋರ್ಟ್ ಎಲ್ಲಾ ನಾರ್ಮಲ್, ಕಣ್ಣುರಿ ಮಾತ್ರ ನಿಂತಿಲ್ಲ
(ಓದುಗರ ಪ್ರಶ್ನೆಗೆ ನೇತ್ರತಜ್ಞರ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕಣ್ಣುರಿ, ಮರಳು ಬಿದ್ದ ಹಾಗೆ ಒತ್ತು, ಗಾಳಿ ತಗುಲಿದರೆ ಚುಚ್ಚು. ಡಾಕ್ಟರು ನೋಡಿ ಏನೂ ಇಲ್ಲ ಅಂತ ಕಳಿಸಿದ್ದಾರೆ. ಮನೆಯವರೂ ಅದನ್ನೇ ಹೇಳುತ್ತಿದ್ದಾರೆ. ಇದೇ ಪ್ರಶ್ನೆ ತಿಂಗಳು ತಿಂಗಳೂ ಬರುತ್ತಿದೆ ಎಂದರೆ ಎಲ್ಲೋ ಯಾರೂ ಸರಿಯಾಗಿ ಉತ್ತರ ಕೊಡುತ್ತಿಲ್ಲ ಎಂದೇ ಅರ್ಥ. ನನಗೆ ಇದು ಸಿಟ್ಟು ತರಿಸುವ ವಿಷಯ. ಹಾಗಾಗಿ ಈ ಬಾರಿಯ ಜಾಗದ ಹೆಚ್ಚಿನ ಪಾಲನ್ನು ಒಂದೇ ಪತ್ರಕ್ಕೆ ಕೊಡುತ್ತೇನೆ. ಮೊಬೈಲ್ ಕಡಿಮೆ ನೋಡಿ, ಕಣ್ಣು ಮಿಟುಕಿಸಿ, ನೀರು ಕುಡಿಯಿರಿ ಎಂಬುದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನಗೆ 36 ವರ್ಷ. ಎರಡು ವರ್ಷದ ಹಿಂದೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಲೇಸಿಕ್, ಮಾಡಿಸಿಕೊಂಡೆ. ದೃಷ್ಟಿ ಚೆನ್ನಾಗಿದೆ. ಆದರೆ ಆಗಿನಿಂದ ಎರಡೂ ಕಣ್ಣು ಉರಿ, ಫ್ಯಾನ್ ಗಾಳಿ ತಡೆಯೋಕೆ ಆಗಲ್ಲ. ನಾಲ್ಕು ಕಡೆ ತೋರಿಸಿದೆ. ಶಿರ್ಮರ್ ಟೆಸ್ಟ್ 14 ಮಿ.ಮೀ. ಬಂತು, ನಾರ್ಮಲ್ ಅಂದರು, ಬಣ್ಣ ಹಾಕಿ ನೋಡಿದರೂ ಏನೂ ಸಿಗಲಿಲ್ಲ. ಒಬ್ಬರು ಟೆನ್ಷನ್ ಬಿಡಿ ಎಂದರು. ಇನ್ನೊಬ್ಬರು ಖಿನ್ನತೆಗೆ ಕೊಡುವ ಮಾತ್ರೆ ಬರೆದರು, ಬೇಜಾರಾಗಿ ತಗೊಳ್ಳಲಿಲ್ಲ. ಈಗ ಐದು ಥರದ ಡ್ರಾಪ್ಸ್ ಹಾಕುತ್ತಿದ್ದೇನೆ. ನನ್ನ ನೋವು ನಿಜವೋ, ಮನಸ್ಸಿನದೋ?
– ಬೆಂಗಳೂರಿನ ಓದುಗರು

ಉತ್ತರ: ನಿಜ. ಇದರಲ್ಲಿ ಅನುಮಾನ ಬೇಡ.

ನಿಮಗೆ ಮಾಡಿದ ಎರಡೂ ಪರೀಕ್ಷೆ ಏನು ನೋಡುತ್ತವೆ ಎಂದು ಮೊದಲು ತಿಳಿಯಿರಿ. ಶಿರ್ಮರ್ ಪಟ್ಟಿ ಐದು ನಿಮಿಷದಲ್ಲಿ ಎಷ್ಟು ಕಣ್ಣೀರು ಬಂತು ಎಂದು ಅಳೆಯುತ್ತದೆ. ಅದೂ ಇವತ್ತು ಒಂದು ಅಂಕಿ, ನಾಳೆ ಇನ್ನೊಂದು ಕೊಡಬಹುದು. ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುವುದು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಪದರ ಎಲ್ಲಾದರೂ ಕಿತ್ತಿದೆಯಾ ಎಂದು ತಿಳಿಯಲು. ಎರಡರಲ್ಲಿ ಯಾವುದೂ ನರವನ್ನು ನೋಡುವುದಿಲ್ಲ. ನೋಡದೇ ಇರುವುದರ ಬಗ್ಗೆ 'ಏನೂ ಇಲ್ಲ' ಎಂದು ಹೇಳಲು ಬರುವುದಿಲ್ಲ, ಅಲ್ವಾ?

ಕಾರ್ನಿಯಾ ಸುಮಾರು ಅರ್ಧ ಮಿ.ಮೀ. ದಪ್ಪದ ಪದರ. ರಕ್ತನಾಳ ಒಂದೂ ಇಲ್ಲ, ಆದರೆ ದೇಹದಲ್ಲೇ ಅತ್ಯಂತ ಒತ್ತಾಗಿ ನೋವಿನ ನರಗಳಿರುವ ಜಾಗ ಇದು. ಚರ್ಮಕ್ಕಿಂತ ಹಲವು ನೂರು ಪಟ್ಟು ಜಾಸ್ತಿ ಎಂಬುದು ಅಂದಾಜು. ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಕತ್ತರಿಸಿ ಎತ್ತುವಾಗ ಈ ನರಗಳೂ ತುಂಡಾಗುತ್ತವೆ. ತಿಂಗಳುಗಟ್ಟಲೆ ತಗೊಂಡು ಮತ್ತೆ ಬೆಳೆಯುತ್ತವೆ. ಬಹುತೇಕರಿಗೆ ಸರಿಯಾಗಿಯೇ ಬೆಳೆಯುತ್ತವೆ. ಕೆಲವರಿಗೆ ಮಾತ್ರ ಗಂಟುಗಂಟಾಗಿ, ಸುಮ್ನೆ ಇದ್ದಾಗಲೂ ಸಿಡಿಯುವ ಹಾಗೆ ಬೆಳೆಯುತ್ತವೆ. ಮೆಣಸಿನಕಾಯಿ ಹೆಚ್ಚಿದ ಕೈ ತೊಳೆದ ಮೇಲೂ ಉರಿಯುತ್ತದಲ್ಲ, ಕೈಯಲ್ಲಿ ಗಾಯ ಹುಡುಕಿದರೆ ಸಿಗುವುದಿಲ್ಲ. ಇದೂ ಹಾಗೇ.

ಲೇಸಿಕ್ ಒಂದೇ ಕಾರಣವಲ್ಲ. ಕ್ಯಾಟರಾಕ್ಟ್ ಆಪರೇಷನ್, ಹಣೆಯ ಮೇಲೆ ಬಂದ ಸರ್ಪಸುತ್ತು, ಸಕ್ಕರೆ ಕಾಯಿಲೆ, ವರ್ಷಗಟ್ಟಲೆ ಹಾಕಿದ ಡ್ರಾಪ್ಸ್‌ನ ಪ್ರಿಸರ್ವೇಟಿವ್, ಚಿಕಿತ್ಸೆ ಇಲ್ಲದೆ ಉಳಿದ ಒಣಗಣ್ಣು, ಇವೆಲ್ಲ ನರವನ್ನು ಕೆಡಿಸಬಲ್ಲವು. ಮೈಗ್ರೇನ್ ಇರುವವರಲ್ಲಿ ಈ ನೋವು ಹೆಚ್ಚಾಗಿ ಕಾಣುತ್ತದೆ. ತಲೆನೋವಿನ ದಾರಿಯೂ ಕಣ್ಣುನೋವಿನ ದಾರಿಯೂ ಟ್ರೈಜೆಮಿನಲ್ ಎಂಬ ಒಂದೇ ನರದ್ದು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ಕಣ್ಣು ಒಣಗಿದೆ' ಎಂಬ ಅನುಭವವೇ ನರ ಕಳಿಸುವ ಸುದ್ದಿ. ಕಾರ್ನಿಯಾದಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಕಣ್ಣೀರು ಆವಿಯಾದಾಗ ಆಗುವ ಸ್ವಲ್ಪ ತಂಪನ್ನು ಹಿಡಿದು ಅವು ಮಿದುಳಿಗೆ ಒಣಗುತ್ತಿದೆ ಎಂದು ತಿಳಿಸುತ್ತವೆ. ಅವು ಕೆಟ್ಟರೆ ಕಣ್ಣು ತುಂಬ ನೀರಿದ್ದರೂ ಒಣಗಿದೆ ಎಂದೇ ಅನಿಸುತ್ತದೆ. ನೀರು ಸುರಿಯುತ್ತಿದೆ, ಆದರೂ ಒಣ ಒಣ ಎನ್ನುವ ರೋಗಿಯನ್ನು ನೋಡಿ ನಗುವ ಡಾಕ್ಟರು ಇದನ್ನು ಓದಲಿ. ಒಣಗಣ್ಣಿನ ಕುರಿತ ಅಂತರರಾಷ್ಟ್ರೀಯ ತಜ್ಞರ ವರದಿ 2017ರಲ್ಲೇ ರೋಗದ ವ್ಯಾಖ್ಯೆಯೊಳಗೆ ನರದ ದೋಷವನ್ನು ಸೇರಿಸಿದೆ. ಅದಕ್ಕೂ ಮೊದಲು, 2009ರಲ್ಲಿ, ಬಾಸ್ಟನ್‌ನ ನೇತ್ರತಜ್ಞ ಪೆರ್ರಿ ರೋಸೆಂಥಾಲ್ ಮತ್ತು ಸಂಗಡಿಗರು ಬಣ್ಣ ಹಿಡಿಯದ ಕಣ್ಣಿನ ಈ ನೋವಿನ ಬಗ್ಗೆ ಬರೆದಿದ್ದರು. ಇಷ್ಟು ವರ್ಷವಾದ ಮೇಲೂ ರೋಗಿಗೆ 'ಟೆನ್ಷನ್ ಬಿಡಿ' ಎಂದು ಹೇಳಿ ಕಳಿಸುವುದು ತಪ್ಪು.

ಈಗ ಮುಂದೇನು?

ಮೊದಲು ಸಾಮಾನ್ಯ ಕಾರಣ ಯಾವುದೂ ಉಳಿದಿಲ್ಲ ಎಂದು ಖಚಿತವಾಗಬೇಕು. ನರದ ನೋವು ಎಂಬ ಹೆಸರನ್ನು ಅವಸರದಲ್ಲಿ ಅಂಟಿಸಿಕೊಳ್ಳುವುದೂ ಅಪಾಯವೇ. ನೋವು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಎರಡು ವಾರ ಬರೆದಿಡಿ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕಿತ್ತುಕೊಂಡ ಹಾಗೆ ನೋವಾದರೆ ಮೇಲ್ಪದರ ಪದೇ ಪದೇ ಸುಲಿಯುತ್ತಿರಬಹುದು. ಎದ್ದಾಗಲೇ ಜಾಸ್ತಿ ಉರಿ ಇದ್ದರೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲವೋ ನೋಡಬೇಕು. ಅದನ್ನು ಮನೆಯವರು ಟಾರ್ಚ್ ಹಿಡಿದು ನೋಡಿ ಹೇಳಬಹುದು. ಸಂಜೆಗೆ ಏರಿದರೆ ರೆಪ್ಪೆಯ ಎಣ್ಣೆ ಗ್ರಂಥಿಗಳ ಕಡೆ ಗಮನ ಕೊಡಿ. ಬಾಯಿಯೂ ಒಣಗಿ, ನೀರಿಲ್ಲದೆ ಚಪಾತಿ ನುಂಗಲು ಆಗುತ್ತಿಲ್ಲ, ಕೀಲೂ ನೋಯುತ್ತಿದೆ ಎಂದರೆ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳನ್ನು ಕೆಡಿಸುವ ಶೋಗ್ರೆನ್ಸ್ ಕಾಯಿಲೆಗೆ ರಕ್ತ ಪರೀಕ್ಷೆ ಆಗಬೇಕು. ಮಧ್ಯವಯಸ್ಸಿನ ಹೆಂಗಸರಲ್ಲಿ ಇದು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಇದೆಲ್ಲ ಇಲ್ಲ ಎಂದಾದರೆ ಕಾರ್ನಿಯಾ ತಜ್ಞರ ಬಳಿ ಹೋಗಿ ಒಂದೇ ಒಂದು ಪರೀಕ್ಷೆ ಕೇಳಿ. ಕಣ್ಣಿನ ಒತ್ತಡ ನೋಡುವ ಮುಂಚೆ ಹಾಕುವ ಮರಗಟ್ಟಿಸುವ ಹನಿ, ಪ್ರೊಪರಕೇನ್, ಎಲ್ಲ ಕ್ಲಿನಿಕ್‌ನಲ್ಲೂ ಇರುತ್ತದೆ. ನೋವು ಇರುವಾಗಲೇ ಅದನ್ನು ಒಂದು ಹನಿ ಹಾಕಿಸಿಕೊಳ್ಳಿ. ಒಂದೆರಡು ನಿಮಿಷದಲ್ಲಿ ಉರಿ ಪೂರ್ತಿ ಹೋದರೆ ನೋವಿನ ಮೂಲ ಕಣ್ಣಿನ ಮೇಲ್ಮೈಯಲ್ಲಿದೆ. ಚೂರೂ ಕಡಿಮೆಯಾಗದಿದ್ದರೆ ಅದು ಹಿಂದೆ, ಮಿದುಳಿನ ಕಡೆಯ ನೋವಿನ ದಾರಿಯಲ್ಲಿ ನೆಲೆ ನಿಂತಿದೆ. ಅರ್ಧ ಹೋದರೆ ಎರಡೂ ಕಡೆ ಇದೆ. ಹೆಚ್ಚು ಖರ್ಚಿಲ್ಲದ ಪರೀಕ್ಷೆ ಇದು. ಆದರೂ ಪತ್ರ ಬರೆದವರಲ್ಲಿ ಬಹಳ ಮಂದಿಗೆ ಯಾರೂ ಮಾಡಿಲ್ಲ. ನರದ ಗಂಟುಗಳನ್ನು ಕಣ್ಣಾರೆ ತೋರಿಸುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿದೆ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಚಿಕಿತ್ಸೆ ನಿಲ್ಲಿಸಬೇಕಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹನಿ ಹಾಕಿದಾಗ ಎಷ್ಟೋ ತಿಂಗಳ ಉರಿ ಮಾಯವಾಯಿತು ಎಂದು ಆ ಬಾಟಲಿಯನ್ನು ಮನೆಗೆ ತರಬೇಡಿ. ಮೆಡಿಕಲ್ ಶಾಪಿನವರು ಕೊಟ್ಟರೂ ಬೇಡ. ಮರಗಟ್ಟಿಸುವ ಹನಿಯನ್ನು ದಿನವೂ ಹಾಕಿದರೆ ಕಾರ್ನಿಯಾ ವಾಸಿಯಾಗುವ ಶಕ್ತಿ ಕಳೆದುಕೊಂಡು ಕರಗಿ ತೂತಾಗುತ್ತದೆ. ಚೆನ್ನಾಗಿದ್ದ ಕಣ್ಣು ಹೀಗೆ ಹೋಗುತ್ತದೆ.

ಮೂಲ ಮೇಲ್ಮೈಯಲ್ಲಿದ್ದರೆ ಮೊದಲ ಕೆಲಸ ಆ ಐದು ಬಾಟಲಿಗಳನ್ನು ಡಾಕ್ಟರ ಮುಂದಿಟ್ಟು ಕಡಿಮೆ ಮಾಡಿಸುವುದು. ಹೆಚ್ಚಿನ ಡ್ರಾಪ್ಸ್‌ನಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಇರುತ್ತದೆ. ಲೇಬಲ್ ಓದಿ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಕಣ್ಣೀರಿನ ಹನಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದೇ ಇರಬೇಕು. ಅದರ ಮೇಲೆ ಬೇಕಾದರೆ ಸೀರಮ್ ಹನಿ. ನಿಮ್ಮದೇ ರಕ್ತ ತೆಗೆದು, ಅದರ ತಿಳಿ ದ್ರವವಾದ ಸೀರಮ್ ಬೇರ್ಪಡಿಸಿ, ಸಾಮಾನ್ಯವಾಗಿ 20 ಪರ್ಸೆಂಟ್‌ಗೆ ತೆಳುಮಾಡಿ ಕೊಡುತ್ತಾರೆ. ನರ ಬೆಳೆಯಲು ಬೇಕಾದ ಅಂಶಗಳು ಅದರಲ್ಲಿವೆ. ಪ್ರಿಸರ್ವೇಟಿವ್ ಇಲ್ಲದ್ದರಿಂದ ಬೇಗ ಕೆಡುತ್ತದೆ, ಫ್ರಿಜ್‌ನಲ್ಲೇ ಇಡಬೇಕು. ಸಿದ್ಧಮಾಡುವ ಸೌಲಭ್ಯ ಇರುವ ಕಣ್ಣಿನ ಆಸ್ಪತ್ರೆಯಲ್ಲೇ ಮಾಡಿಸಿ, ಬೀದಿಯ ಲ್ಯಾಬಿನಲ್ಲಿ ಖಂಡಿತ ಬೇಡ. ಸ್ಕ್ಲೀರಲ್ ಲೆನ್ಸ್ ಇನ್ನೊಂದು ದಾರಿ. ಅದು ಕಣ್ಣಿನ ಬಿಳಿಭಾಗದ ಮೇಲೆ ಕೂತು ಕಾರ್ನಿಯಾವನ್ನು ಸಲೈನ್‌ನಲ್ಲಿ ಮುಳುಗಿಸಿಡುತ್ತದೆ. ಗಾಳಿ ತಗುಲುವುದೇ ಇಲ್ಲ. ದುಬಾರಿ, ಕೂರಿಸುವುದನ್ನು ಕಲಿಯಬೇಕು, ಕೆಲವರಿಗೆ ತಡೆಯೋಕೆ ಆಗುವುದಿಲ್ಲ. ಒಗ್ಗಿದವರು ಮಾತ್ರ ಬಿಡುವುದಿಲ್ಲ.

ಮೂಲ ಹಿಂದೆ, ಮಿದುಳಿನ ಕಡೆ ಇದ್ದರೆ ಹನಿ ಎಷ್ಟು ಹಾಕಿದರೂ ಅಷ್ಟೇ. ಆಗ ಬೇಕಾಗುವುದೇ ನೀವು ಬೇಜಾರಾಗಿ ಬಿಟ್ಟ ಮಾತ್ರೆ. ನಾರ್ಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್ ಖಿನ್ನತೆಗೆ ಬಂದ ಔಷಧಿಗಳು ನಿಜ, ಆದರೆ ನರದ ನೋವಿಗೂ ಕೆಲಸ ಮಾಡುತ್ತವೆ. ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್ ಕೂಡ ಇದೇ ಕೆಲಸಕ್ಕೆ. ಬರೆದ ಡಾಕ್ಟರು ಸರಿಯಾಗಿಯೇ ಬರೆದಿದ್ದರು ಅನಿಸುತ್ತದೆ. ಯಾಕೆ ಎಂದು ಎರಡು ನಿಮಿಷ ಕೂತು ಹೇಳಲಿಲ್ಲ, ಅದು ಅವರ ತಪ್ಪು. ಈ ಮಾತ್ರೆಗಳನ್ನು ನ್ಯೂರಾಲಜಿಸ್ಟ್ ಅಥವಾ ನೋವಿನ ಚಿಕಿತ್ಸೆಯ ತಜ್ಞರು ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನ ಏರಿಸುತ್ತಾರೆ. ಗುಣ ಕಾಣಲು ವಾರಗಳು ಬೇಕು. ಹತ್ತು ದಿನಕ್ಕೆ ಬಿಟ್ಟು 'ಕೆಲಸ ಮಾಡಲಿಲ್ಲ' ಎಂದು ಬರೆಯಬೇಡಿ. ತಟ್ಟನೆ ನಿಲ್ಲಿಸುವುದೂ ಬೇಡ. ನಾರ್ಟ್ರಿಪ್ಟಿಲಿನ್‌ನಿಂದ ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಕಣ್ಣೀರೂ ಸ್ವಲ್ಪ ಕಡಿಮೆಯಾಗಬಹುದು. ಹೃದಯದ ತೊಂದರೆ ಅಥವಾ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿಯ ನರ ಕೆಡುವ ಕಾಯಿಲೆ) ಇದ್ದರೆ ಮೊದಲೇ ಹೇಳಿ. ಪ್ರಮಾಣವನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಚೀಟಿ ಇಲ್ಲದೆ ತಗೊಳ್ಳುತ್ತಾರೆ.

ದಿನ ಕಳೆಯುವ ಬಗ್ಗೆ ಎರಡು ಮಾತು. ಮಲಗುವಾಗ ಫ್ಯಾನ್ ಗಾಳಿ ಮುಖಕ್ಕೆ ಬರದಂತೆ ಮಂಚ ತಿರುಗಿಸಿ. ಸ್ಕೂಟರ್ ಮೇಲೆ ಹೋಗುವಾಗ ಪಕ್ಕ ಮುಚ್ಚಿದ ಕನ್ನಡಕ ಹಾಕಿ. ಆದರೆ ಮನೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು, ಪರದೆ ಎಳೆದು ಕೂರಬೇಡಿ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಬೆಳಕು ಇನ್ನಷ್ಟು ಚುಚ್ಚುತ್ತದೆ. ಬಿಸಿ ಬಟ್ಟೆಯ ಶಾಖ ಎಣ್ಣೆ ಗ್ರಂಥಿಗೆ ಒಳ್ಳೆಯದು, ನಿಮಗೆ ಅದರಿಂದ ಉರಿ ಏರಿದರೆ ಬಿಟ್ಟುಬಿಡಿ. ನಂಬರ್ ಸ್ವಲ್ಪ ಉಳಿದಿದೆ, ಇನ್ನೊಮ್ಮೆ ಲೇಸರ್ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕನ್ನಡಕ ಹಾಕಿಕೊಳ್ಳಿ. ಈ ವಿಷಯದಲ್ಲಿ ನಾನು ತುಂಬಾ ಹೆದರುವವನು, ಹೆದರುವುದೇ ಸರಿ ಎಂದು ನಂಬಿದ್ದೇನೆ.

ಸುಧಾರಣೆ ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ. ನೋವು ಪೂರ್ತಿ ಸೊನ್ನೆಯಾಗುತ್ತದೆ ಎಂದು ಮಾತು ಕೊಡಲಾರೆ. ಹತ್ತರಲ್ಲಿ ಎಂಟರಷ್ಟಿದ್ದ ನೋವು ಮೂರಕ್ಕೆ ಇಳಿದರೆ ಕೆಲಸ, ಓದು, ನಿದ್ದೆ ಎಲ್ಲ ವಾಪಸ್ ಬರುತ್ತವೆ. ಮೂರು ತಿಂಗಳಾದರೂ ಒಬ್ಬರೇ ಡಾಕ್ಟರ ಹತ್ತಿರ ನಿಲ್ಲಿ. ಪ್ರತಿ ತಿಂಗಳು ಹೊಸ ಕಡೆ ಹೋದರೆ ಪ್ರತಿ ಸಲ ಅದೇ ಪಟ್ಟಿ, ಅದೇ ಬಣ್ಣ, ಅದೇ 'ನಾರ್ಮಲ್'.

ಪ್ರಶ್ನೆ: ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು – ಯಾವುದು ಒಳ್ಳೆಯದು?
ಉತ್ತರ: ಯಾವುದೂ ಅಲ್ಲ. ತೋಟದ ಹೂವಿನಲ್ಲಿ ಫಂಗಸ್ ಇರುತ್ತದೆ, ಕಾರ್ನಿಯಾಗೆ ಫಂಗಸ್ ತಗುಲಿದರೆ ತಿಂಗಳುಗಟ್ಟಲೆ ಒದ್ದಾಟ, ಕೆಲವರಿಗೆ ಕಣ್ಣೇ ಹೋಗುತ್ತದೆ. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವರ ಹತ್ತಿರ ಹೋದೆ ಎಂದು ಇಬ್ಬರು ಬರೆದಿದ್ದಾರೆ. ಬಾಯಿಯ ಕ್ರಿಮಿಯನ್ನು ಕಣ್ಣಿಗೆ ಹಚ್ಚಿಸಿಕೊಳ್ಳಲು ದುಡ್ಡು ಕೊಡುತ್ತಿದ್ದೀರಿ. ಇನ್ನು ಹೋಗಬೇಡಿ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಕೊಟ್ಟ ಒಂದು ಹನಿಯಿಂದ ಎರಡೇ ದಿನಕ್ಕೆ ಆರಾಮ. ಆರು ತಿಂಗಳಿಂದ ಹಾಕುತ್ತಿದ್ದೇನೆ. ಮುಂದುವರಿಸಲೇ?
ಉತ್ತರ: ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ನಾಳೆಯೇ ಬಾಟಲಿ ಸಮೇತ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಒತ್ತಡ ನೋಡಿಸಿ. ಸ್ಟೀರಾಯ್ಡ್‌ನಿಂದ ಬರುವ ಗ್ಲಾಕೋಮಾ ನೋವಿಲ್ಲದೆ ದೃಷ್ಟಿ ತಿನ್ನುತ್ತದೆ, ಹೋದದ್ದು ಬರುವುದಿಲ್ಲ.

ಪ್ರಶ್ನೆ: ಮೀನೆಣ್ಣೆ ಕ್ಯಾಪ್ಸೂಲ್ ತಗೊಂಡರೆ ಒಣಗಣ್ಣು ವಾಸಿಯಾಗುತ್ತಾ?
ಉತ್ತರ: 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಅದು ಆಲಿವ್ ಎಣ್ಣೆಯ ಕ್ಯಾಪ್ಸೂಲ್‌ಗಿಂತ ಹೆಚ್ಚೇನೂ ಮಾಡಲಿಲ್ಲ. ದುಡ್ಡು ಉಳಿಸಿ.

ಪ್ರಶ್ನೆ: ಬ್ಲೂ ಲೈಟ್ ಕನ್ನಡಕ?
ಉತ್ತರ: ಬೇಡ.

ಪ್ರಶ್ನೆ: ಮೂರು ವರ್ಷದ ನೋವು. ಮನೆಯಲ್ಲಿ ಯಾರೂ ನಂಬುವುದಿಲ್ಲ. ಕೆಲವು ರಾತ್ರಿ ಬದುಕೇ ಬೇಡ ಅನಿಸುತ್ತದೆ.
– ಹಾವೇರಿ ಜಿಲ್ಲೆಯ ಓದುಗರು
ಉತ್ತರ: ಇದನ್ನು ಬರೆದಿದ್ದಕ್ಕೆ ನಿಮಗೆ ಧನ್ಯವಾದ. ಇದಕ್ಕೆ ಇವತ್ತೇ ಸಹಾಯ ತಗೊಳ್ಳಿ, ಕಣ್ಣು ವಾಸಿಯಾಗಲಿ ಆಮೇಲೆ ನೋಡೋಣ ಎನ್ನಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಒಬ್ಬರೇ ಇರಬೇಡಿ, ನೀವು ನಂಬುವ ಒಬ್ಬರಿಗಾದರೂ ಹೇಳಿ ಜೊತೆಗಿರಿಸಿಕೊಳ್ಳಿ. ಮನೋವೈದ್ಯರನ್ನು ನೋಡಿದರೆ ನೋವು ಸುಳ್ಳೆಂದು ಒಪ್ಪಿದ ಹಾಗಲ್ಲ. ದಿನವಿಡೀ ನೋವಿದ್ದರೆ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ನೋವು ಏರುತ್ತದೆ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಮನೆಯವರೊಬ್ಬರನ್ನು ಒಳಗೇ ಕರೆದುಕೊಂಡು ಹೋಗಿ, ಮೇಲೆ ಹೇಳಿದ ಹನಿಯ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿಸಿ. ರಾತ್ರಿ ಏನು ಅನಿಸುತ್ತದೆ ಎಂಬುದನ್ನೂ ಡಾಕ್ಟರಿಗೆ ನೀವಾಗಿಯೇ ಹೇಳಿ. ನಾವು ಕಣ್ಣಿನ ಡಾಕ್ಟರುಗಳು ಅದನ್ನು ಕೇಳುವುದು ಕಡಿಮೆ.