ತೊಗರಿ ಬೆಲೆ ಯಾರ ಲೆಕ್ಕಕ್ಕೂ ಯಾಕೆ ಸಿಗಲಿಲ್ಲ?

ಇಷ್ಟೊಂದು ಅಂಕಿಅಂಶ, ಕಂಪ್ಯೂಟರ್ ಇದ್ದರೂ ಅರ್ಥಶಾಸ್ತ್ರಜ್ಞರಿಗೆ ಮುಂದಿನ ವರ್ಷದ ಬೆಲೆ ಹೇಳಲು ಯಾಕಾಗುವುದಿಲ್ಲ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಲಬುರಗಿ ಕಡೆ ತೊಗರಿ ಬೆಳೆಯುವ ಮನೆಯವನು, ಹಾಗಾಗಿ ತೊಗರಿಯ ಕಥೆಯನ್ನೇ ಹೇಳುತ್ತೇನೆ.

ಎರಡು ವರ್ಷ ಮಳೆ ಕೈಕೊಟ್ಟು, 2015ರ ಕೊನೆಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಸರ್ಕಾರ ಎರಡೂ ಕಡೆ ಕೈಹಾಕಿತು. ಪೇಟೆಯವರಿಗೆ ಅಗ್ಗವಾಗಲೆಂದು ದಾಸ್ತಾನಿಗೆ ಮಿತಿ, ಆಮದು, 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ. ರೈತರು ಹೆಚ್ಚು ಬಿತ್ತಲೆಂದು ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ.

ಬಿತ್ತಿದೆವು ನೋಡಿ! ಅಪ್ಪ ಹೆಸರು ಬಿತ್ತುತ್ತಿದ್ದ ಎರಡು ಎಕರೆಗೂ ತೊಗರಿಯನ್ನೇ ಹಾಕಿದರು. ಮಳೆಯೂ ಚೆನ್ನಾಗಿ ಆಯಿತು. ದೇಶದಲ್ಲಿ 25 ಲಕ್ಷ ಟನ್ ಆಸುಪಾಸು ಇದ್ದ ತೊಗರಿ ಒಂದೇ ವರ್ಷದಲ್ಲಿ 48 ಲಕ್ಷ ಟನ್ ಆಯಿತು. ರಾಶಿ ಮುಗಿಸಿ ಗಂಜ್ ಮಾರುಕಟ್ಟೆಗೆ ಹೋದರೆ ದರ ಬೆಂಬಲ ಬೆಲೆಗಿಂತ ಕೆಳಗೆ. ಖರೀದಿ ಕೇಂದ್ರದಲ್ಲಿ ಗೋಣಿಚೀಲ ಖಾಲಿ. ನಮ್ಮ ಟ್ರ್ಯಾಕ್ಟರ್ ಮೂರು ದಿನ ಸಾಲಿನಲ್ಲೇ ನಿಂತಿತ್ತು. ಅಲ್ಲೇ ಒಬ್ಬ ವ್ಯಾಪಾರಿ ಬಂದು ಅಪ್ಪನ ಪಹಣಿ ಕೇಳಿದ. ಕಾಯಲಾಗದ ಸಣ್ಣ ರೈತರಿಂದ ಅಗ್ಗಕ್ಕೆ ಕೊಂಡ ಮಾಲನ್ನು ನಮ್ಮ ಹೆಸರಲ್ಲಿ ಬೆಂಬಲ ಬೆಲೆಗೆ ಹಾಕುವ ಉಪಾಯ. ದಿಲ್ಲಿಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಈ ಪಹಣಿ ಎಲ್ಲಿಂದ ಕಾಣಬೇಕು? ಆಮದಿಗೆ ಶೇ. 10 ಸುಂಕ ಬಿದ್ದದ್ದು 2017ರ ಮಾರ್ಚ್‌ ಕೊನೆಗೆ, ಮಿತಿ ಬಂದದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮ ಕಣ ಬರಿದಾಗಿತ್ತು.

ಹವಾಮಾನ ಇಲಾಖೆ ಏನೇ ಹೇಳಲಿ, ಮೋಡಕ್ಕೆ ಕಿವಿಯಿಲ್ಲ. ರೈತನಿಗೆ, ವ್ಯಾಪಾರಿಗೆ, ಮಂತ್ರಿಗೆ ಇದೆ. ಬೆಲೆ ಏರುತ್ತದೆ ಎಂಬ ಮಾತು ಕೇಳಿ ಎಲ್ಲರೂ ಬಿತ್ತಿದರೆ ಅದೇ ಮಾತು ಸುಳ್ಳಾಗುತ್ತದೆ. ಹಾಗಂತ ಲೆಕ್ಕವೆಲ್ಲ ದಂಡ ಎನ್ನಲಾರೆ. ಬೆಲೆ ಏರಿದ ಮರುವರ್ಷ ಬಿತ್ತನೆ ಹೆಚ್ಚುತ್ತದೆ ಅಂತ ಅವರು ಹೇಳಬಲ್ಲರು, ಅದು ಸರಿಯೂ ಆಗುತ್ತದೆ. ಎಷ್ಟು ಎಕರೆ, ಯಾವ ತಿಂಗಳು ಸರ್ಕಾರ ಏನು ಮಾಡೀತು ಎಂಬಲ್ಲಿ ಜಾರುತ್ತಾರೆ.

ಹೋದ ಮುಂಗಾರಿನಲ್ಲಿ ಬೀಜದ ಅಂಗಡಿಯವನನ್ನು ಅಪ್ಪ ಕೇಳಿದರು: "ಈ ಸಲ ಮಂದಿ ಏನ್ ಒಯ್ಲಕತ್ತಾರೋ?"

ಅವನು ನಕ್ಕ. "ಬಂದವ್ರೆಲ್ಲಾ ಇದನ್ನೇ ಕೇಳ್ಲಕತ್ತಾರ್ರಿ ಕಾಕಾ."